ಡೊಮೇನ್ ಯಾರ ಹೆಸರಿಗಿದೆ?

ಇಳಕಲ್ಲಿನ ಸೀರೆ ಅಂಗಡಿಯಾಗಲಿ, ಗೋಕಾಕಿನ ಕರದಂಟಿನ ಅಂಗಡಿಯಾಗಲಿ, ವೆಬ್‌ಸೈಟ್ ಮಾಡಿಸಿದವರ ಬಿಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪದ ಇರುತ್ತವೆ: ಡೊಮೇನ್, ಹೋಸ್ಟಿಂಗ್, ಎಸ್‌ಎಸ್‌ಎಲ್. ದುಡ್ಡು ಕೊಡುವ ಮೊದಲು ಇವನ್ನು ಬಿಡಿಸಿ ಕೇಳಿ.

ಡೊಮೇನ್ ಎಂದರೆ ಸೈಟಿನ ಹೆಸರು, ಕೊನೆಗೆ ಡಾಟ್ ಕಾಮ್ ಅಥವಾ ಡಾಟ್ ಇನ್ ಬರುತ್ತದಲ್ಲ, ಅದು. ಅದು ಕಾಯಂ ಖರೀದಿಯಲ್ಲ. 1ರಿಂದ 10 ವರ್ಷಕ್ಕೆ ನೋಂದಾಯಿಸಿ, ಅವಧಿ ಮುಗಿಯುವುದರೊಳಗೆ ನವೀಕರಿಸಬೇಕು. ಹೊಲಕ್ಕೆ ಉತಾರ ಹೇಗೋ, ಡೊಮೇನಿಗೆ ರಿಜಿಸ್ಟ್ರಾರ್ (ಹೆಸರು ನೋಂದಾಯಿಸಿಕೊಡುವ ಕಂಪನಿ) ಬಳಿಯ ಖಾತೆ ಹಾಗೆ. ಸೈಟ್ ಮಾಡುವವರು ತಮ್ಮ ಇಮೇಲ್ ಕೊಟ್ಟು ನೋಂದಾಯಿಸಿದರೆ ನವೀಕರಣದ ಸೂಚನೆ ಅವರಿಗೇ ಹೋಗುತ್ತದೆ. ಅವರು ಧಂದೆ ಬಿಟ್ಟರೆ ನಿಮ್ಮ ಹೆಸರು ಅತಂತ್ರ. ಗಡುವು ಮೀರಿದ ಡಾಟ್ ಕಾಮ್ ಹೆಸರನ್ನು ರಿಜಿಸ್ಟ್ರಾರ್ ಅಳಿಸಿದ ಮೇಲೂ 30 ದಿನ ಬಿಡಿಸಿಕೊಳ್ಳಬಹುದು, ಆದರೆ ಶುಲ್ಕ ಮಾಮೂಲಿಗಿಂತ ಬಹಳ ಹೆಚ್ಚು. ಅದೂ ದಾಟಿ 5 ದಿನಕ್ಕೆ ಹೆಸರು ಯಾರ ಪಾಲಿಗಾದರೂ ಹೋಗಬಹುದು. ಆದ್ದರಿಂದ ಖಾತೆ, ಇಮೇಲ್, ಪಾಸ್‌ವರ್ಡ್ ಮೂರೂ ಮಾಲೀಕರ ಕೈಯಲ್ಲೇ ಇರಲಿ. ಇದರಲ್ಲಿ ಸಂಕೋಚ ಬೇಡ.

ಹೋಸ್ಟಿಂಗ್ ಎಂದರೆ ಸೈಟಿನ ಫೋಟೊ, ಬರಹಗಳನ್ನು ಇಡಲು ಸರ್ವರ್‌ನಲ್ಲಿ (ಸದಾ ಚಾಲೂ ಇರುವ ಕಂಪ್ಯೂಟರಿನಲ್ಲಿ) ಹಿಡಿದ ಬಾಡಿಗೆ ಜಾಗ. ಹೆಸರು ಒಂದು ಕಂಪನಿಯಲ್ಲಿ, ಜಾಗ ಇನ್ನೊಂದರಲ್ಲಿ ಇದ್ದರೂ ನಡೆಯುತ್ತದೆ. ಎರಡನ್ನೂ ಜೋಡಿಸುವುದು ಡಿಎನ್‌ಎಸ್. ಅದರಲ್ಲಿ 'ಎ' ರೆಕಾರ್ಡ್ ಸರ್ವರ್‌ನ ಐಪಿ ಸಂಖ್ಯೆಯನ್ನೂ (ಅಂತರ್ಜಾಲದಲ್ಲಿ ಅದರ ವಿಳಾಸ), 'ಎಂಎಕ್ಸ್' ರೆಕಾರ್ಡ್ ಮೇಲ್ ಎಲ್ಲಿಗೆ ಹೋಗಬೇಕೆಂಬುದನ್ನೂ ಹೇಳುತ್ತವೆ. ಹೋಸ್ಟಿಂಗ್ ಬದಲಿಸುವಾಗ ಎಡವಟ್ಟಾಗುವುದು ಇಲ್ಲೇ. ನೇಮ್‌ಸರ್ವರ್‌ಗಳನ್ನೇ (ಈ ರೆಕಾರ್ಡುಗಳನ್ನು ಇಟ್ಟುಕೊಂಡಿರುವ ಸರ್ವರ್‌ಗಳು) ಬದಲಿಸಿ, ಹಳೆಯ ಎಂಎಕ್ಸ್ ನಕಲು ಮಾಡಿಕೊಳ್ಳಲು ಮರೆತರೆ ಸೈಟ್ ಚೆನ್ನಾಗಿಯೇ ತೆರೆಯುತ್ತದೆ, ಮೇಲ್ ಮಾತ್ರ ಬರುವುದಿಲ್ಲ. ಆರ್ಡರ್ ತಪ್ಪಿದ್ದು ಗೊತ್ತಾಗುವಷ್ಟರಲ್ಲಿ ವಾರ ಕಳೆದಿರುತ್ತದೆ. ಸೈಟ್ ಮಾತ್ರ ಸರಿಸುವುದಾದರೆ 'ಎ' ರೆಕಾರ್ಡ್ ಒಂದನ್ನೇ ಬದಲಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಅದರ ಟಿಟಿಎಲ್ (ಹಳೆ ವಿಳಾಸವನ್ನು ಉಳಿದ ಕಂಪ್ಯೂಟರುಗಳು ನೆನಪಿಟ್ಟುಕೊಳ್ಳುವ ಅವಧಿ) ಅನ್ನು ಒಂದು ದಿನ ಮೊದಲೇ 300 ಸೆಕೆಂಡಿಗೆ ಇಳಿಸಿದರೆ ಹೊಸ ವಿಳಾಸ ಬೇಗ ಹರಡುತ್ತದೆ.

ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಇದ್ದರೆ ಗಿರಾಕಿಯ ಫೋನಿಗೂ ಸರ್ವರ್‌ಗೂ ನಡುವಿನ ಮಾಹಿತಿ ಗೂಢಲಿಪಿಯಲ್ಲಿ ಸಾಗುತ್ತದೆ. ಅಂಗಡಿಯವರು ಪ್ರಾಮಾಣಿಕರು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಜನ ಹಾಗೆ ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಸೈಟಿನ ವಿಳಾಸದ ಪಕ್ಕದ ಬೀಗದ ಗುರುತು ತೆಗೆದದ್ದು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಸರ್ಟಿಫಿಕೇಟನ್ನು ಪುಕ್ಕಟೆ ಕೊಡುತ್ತದೆ. ಸಣ್ಣ ಅಂಗಡಿಯ ಬಿಲ್ಲಿನಲ್ಲಿ ಇದಕ್ಕೆ ಸಾವಿರಾರು ರೂಪಾಯಿ ಹಚ್ಚಿದ್ದರೆ ಯಾಕೆಂದು ಕೇಳಿ.

'ಸೈಟ್ ಓಪನ್ ಆಗವಲ್ದ್ರಿ' ಎಂದಷ್ಟೇ ಫೋನಿನಲ್ಲಿ ಹೇಳಿದರೆ ಯಾರಿಗೂ ದಾರಿ ಸಿಗದು. ಪರದೆಯ ಮೇಲೆ 404 ಇದ್ದರೆ ಸರ್ವರ್ ನಡೆಯುತ್ತಿದೆ, ಆ ಪುಟ ಮಾತ್ರ ಇಲ್ಲ. 500 ಬಂದರೆ ಸರ್ವರ್ ಒಳಗಿನ ಪ್ರೋಗ್ರಾಂ ಕೆಟ್ಟಿದೆ. ಹೆಸರೇ ಸಿಗುತ್ತಿಲ್ಲ ಎಂದು ಬ್ರೌಸರ್ ಹೇಳಿದರೆ ಮೊದಲು ಡೊಮೇನ್ ಅವಧಿ ನೋಡಿ. ಸೀರೆಯ ದರ ಬದಲಿಸಿದರೂ ಹಳೆಯದೇ ಕಾಣುತ್ತಿದ್ದರೆ ಅದು ಬಹುಪಾಲು ಕ್ಯಾಶ್, ಅಂದರೆ ಉಳಿಸಿಟ್ಟ ಹಳೆ ಪ್ರತಿ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಹೊಸ ದರ ಕಂಡರೆ ಹಳೆ ಪ್ರತಿ ನಿಮ್ಮ ಬ್ರೌಸರಿನಲ್ಲಿದೆ. ಅಲ್ಲೂ ಹಳೆಯದೇ ಇದ್ದರೆ ಸರ್ವರ್ ಕಡೆಯ ಕ್ಯಾಶ್ ಅಳಿಸಲು ಸೈಟ್ ನೋಡಿಕೊಳ್ಳುವವರಿಗೆ ಹೇಳಿ.