ನೆಲದಲ್ಲಿ ಅಳತೆ, ಆಕಾಶದಲ್ಲಿ ಪರಿಣಾಮ: ವಿಮಾನದ ಹೊಗೆ ಮತ್ತು ಓಝೋನ್

ಒಂದು ಕಿಲೋ ವಿಮಾನ ಇಂಧನ ಉರಿದರೆ ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡ್, 1.2 ಕಿಲೋ ನೀರಾವಿ ಹೊರಬರುತ್ತವೆ. ಜತೆಗೆ 10ರಿಂದ 15 ಗ್ರಾಂನಷ್ಟು ನೈಟ್ರೋಜನ್ ಆಕ್ಸೈಡ್‌ಗಳು, ಅಂದರೆ ನಾಕ್ಸ್. ಅರ್ಧ ಶತಮಾನದಿಂದ ಬಿಡಿಸಲಾಗದ ಗಂಟು ಈ ಕೆಲವೇ ಗ್ರಾಂಗಳದ್ದು. ನಾಕ್ಸ್ ಇಂಧನದ ಕೊಳೆಯಲ್ಲ. ದಹನ ಕೋಣೆಯ ಶಾಖ 1,800 ಕೆಲ್ವಿನ್ ದಾಟಿದರೆ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದೊಂದಿಗೆ ಬೆರೆಯತೊಡಗುತ್ತದೆ.

1970ರಲ್ಲಿ ವಾಯುಮಂಡಲ ವಿಜ್ಞಾನಿ ಪಾಲ್ ಕ್ರುಟ್ಜನ್ ನಾಕ್ಸ್ ಓಝೋನನ್ನು ಸರಣಿಯಾಗಿ ನಾಶಮಾಡುತ್ತದೆಂದು ತೋರಿಸಿದರು. ಮರುವರ್ಷ ರಸಾಯನಶಾಸ್ತ್ರಜ್ಞ ಹೆರಾಲ್ಡ್ ಜಾನ್‌ಸ್ಟನ್ ಸಮೋಷ್ಣ ಮಂಡಲದಲ್ಲಿ, ಅಂದರೆ ಓಝೋನ್ ಪದರವಿರುವ ಎತ್ತರದಲ್ಲಿ, ಹಾರಲಿದ್ದ ಸೂಪರ್‌ಸಾನಿಕ್ (ಶಬ್ದಕ್ಕಿಂತ ವೇಗದ) ವಿಮಾನಗಳ ಬಗ್ಗೆ ಎಚ್ಚರಿಸಿದರು. 1977ರಲ್ಲಿ ಒಂದೇ ಒಂದು ರಾಸಾಯನಿಕ ಕ್ರಿಯೆಯ ವೇಗವನ್ನು ಹೊಸದಾಗಿ ಅಳೆದಾಗ ಲೆಕ್ಕವೆಲ್ಲ ಅಲುಗಾಡಿತು. ಅಷ್ಟರಲ್ಲಿ ಅಂಥ ವಿಮಾನವಾದ ಕಾಂಕಾರ್ಡ್ ಬೆರಳೆಣಿಕೆಯಷ್ಟೇ ಉಳಿದಿತ್ತು, ಚರ್ಚೆ ಕೆಳಗಿಳಿಯಿತು.

ಕೆಳಗೆ, ಅಂದರೆ ಸಾಮಾನ್ಯ ವಿಮಾನಗಳು ಹಾರುವ 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ, ನಾಕ್ಸ್‌ನ ವರ್ತನೆಯೇ ಬೇರೆ. ಅಲ್ಲಿ ಅದು ಓಝೋನನ್ನು ತಯಾರಿಸುತ್ತದೆ. ನೈಟ್ರಿಕ್ ಆಕ್ಸೈಡ್ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ, ಬಿಸಿಲು ಅದನ್ನು ಒಡೆಯುತ್ತದೆ, ಬಿಡಿಯಾದ ಆಮ್ಲಜನಕ ಪರಮಾಣು ಆಮ್ಲಜನಕದ ಅಣುವಿಗೆ ಅಂಟುತ್ತದೆ. ನೆಲದ ಹತ್ತಿರ ನಾಕ್ಸ್ ಬೇಗ ಕಳೆದುಹೋದರೆ ಮೇಲೆ ಹಲವು ದಿನ ಉಳಿಯುವುದರಿಂದ ಅದೇ ಒಂದು ಗ್ರಾಂ ಹೆಚ್ಚು ಓಝೋನ್ ಹುಟ್ಟಿಸುತ್ತದೆ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ ಐಪಿಸಿಸಿಯ 1999ರ ವರದಿಯ ಪ್ರಕಾರ, 1992ರ ಹಾರಾಟಗಳಿಂದ ಉತ್ತರದ ಮಧ್ಯ ಅಕ್ಷಾಂಶಗಳಲ್ಲಿ, ಆ ಎತ್ತರದ ಓಝೋನ್ ಶೇ 6ರವರೆಗೆ ಹೆಚ್ಚಿತ್ತು. ಓಝೋನ್, ಮೀಥೇನ್ ಎರಡೂ ಭೂಮಿಯನ್ನು ಬಿಸಿಮಾಡುವ ಅನಿಲಗಳು. ಇದೇ ಕ್ರಿಯೆಯಲ್ಲಿ, ಗಾಳಿಯನ್ನು ಶುದ್ಧಗೊಳಿಸುವ ಹೈಡ್ರಾಕ್ಸಿಲ್ ಕಣಗಳು ಹೆಚ್ಚಿ ಮೀಥೇನ್ ಕಡಿಮೆಯಾಗುತ್ತದೆ ಎಂಬುದೂ ನಿಜ. ಆದರೆ ಓಝೋನ್‌ನ ಬಿಸಿ ವಿಮಾನ ದಟ್ಟಣೆಯಿರುವ ಕಡೆ ವಾರಗಳ ಮಟ್ಟಿಗೆ. ಮೀಥೇನ್ ಇಳಿಕೆಯ ತಂಪು ಜಗತ್ತಿನಾದ್ಯಂತ, ದಶಕದವರೆಗೆ. ಒಂದರಲ್ಲಿ ಇನ್ನೊಂದನ್ನು ಕಳೆದು ‘ಸರಿಹೋಯಿತು’ ಎನ್ನಲಾಗದು.

ಇನ್ನು ನಿಯಮ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1981ರಲ್ಲಿ ತಂದ ಎಂಜಿನ್ ಮಾನದಂಡ ಹುಟ್ಟಿದ್ದು ನಿಲ್ದಾಣಗಳ ಸುತ್ತಲಿನ ಗಾಳಿಯ ಕಾಳಜಿಯಿಂದ. ಎಂಜಿನನ್ನು ನೆಲದ ಪರೀಕ್ಷಾ ಪೀಠದ ಮೇಲಿಟ್ಟು ನಾಲ್ಕು ಹಂತಗಳಲ್ಲಿ ಓಡಿಸುತ್ತಾರೆ: ಟೇಕಾಫ್‌ಗೆ ಶೇ 100 ಬಲದಲ್ಲಿ 0.7 ನಿಮಿಷ, ಏರಿಕೆಗೆ ಶೇ 85ರಲ್ಲಿ 2.2, ಇಳಿಕೆಗೆ ಶೇ 30ರಲ್ಲಿ 4, ಟ್ಯಾಕ್ಸಿಗೆ ಶೇ 7ರಲ್ಲಿ 26 ನಿಮಿಷ. ಒಟ್ಟು 32.9 ನಿಮಿಷ, 3,000 ಅಡಿಯವರೆಗಿನ ಲೆಕ್ಕ. ಎತ್ತರದಲ್ಲಿ ಗಂಟೆಗಟ್ಟಲೆ ನಡೆಯುವ ಸಮವೇಗದ ಹಾರಾಟ (ಕ್ರೂಸ್) ಇದರಲ್ಲಿ ಇಲ್ಲವೇ ಇಲ್ಲ.

ಮಿತಿಯ ಸೂತ್ರವನ್ನೂ ಗಮನಿಸಬೇಕು. ಮೊದಲ ಮಾನದಂಡದಲ್ಲಿ ಪ್ರತಿ ಕಿಲೋನ್ಯೂಟನ್ ಬಲಕ್ಕೆ ಅನುಮತಿ 40 ಗ್ರಾಂ, ಜತೆಗೆ ಒತ್ತಡ ಅನುಪಾತದ, ಅಂದರೆ ಎಂಜಿನ್ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದರ, ಎರಡರಷ್ಟು. ಅನುಪಾತ 30 ಇದ್ದರೆ 100 ಗ್ರಾಂ, 40 ಇದ್ದರೆ 120. ಒತ್ತಡ ಹೆಚ್ಚಿದಷ್ಟೂ ಇಂಧನ ಉಳಿಯುತ್ತದೆ, ಶಾಖ ಏರುತ್ತದೆ, ನಾಕ್ಸ್ ಹೆಚ್ಚುತ್ತದೆ. ಮಿತಿಯೂ ಅದರ ಬೆನ್ನಿಗೇ ಏರುತ್ತದೆ. ಮುಂದೆ ಮಿತಿಗಳು ಹಲವು ಸಲ ಬಿಗಿಯಾದರೂ ಅನುಪಾತದ ರಿಯಾಯಿತಿ ಹೋಗಲಿಲ್ಲ. ಇಂಧನ ಉಳಿಸುವ ಒತ್ತಾಯ ನ್ಯಾಯವಾದದ್ದೇ, ಆದರೆ ಅದರ ಬೆಲೆಯ ಒಂದು ಪಾಲನ್ನು ಮೇಲಿನ ವಾಯುಮಂಡಲ ತೆರುತ್ತಿದೆ.

ಅಂತರರಾಷ್ಟ್ರೀಯ ಹಾರಾಟಗಳ ಇಂಗಾಲವನ್ನು ಸರಿದೂಗಿಸಲು 2016ರಲ್ಲಿ ಅದೇ ಸಂಸ್ಥೆಯಲ್ಲಿ ಒಪ್ಪಿದ ಕೋರ್ಸಿಯಾ ಯೋಜನೆ ಇಂಗಾಲವನ್ನಷ್ಟೇ ಎಣಿಸುತ್ತದೆ. ಆರೊಮ್ಯಾಟಿಕ್ (ಮಸಿ ಹುಟ್ಟಿಸುವ ಹೈಡ್ರೋಕಾರ್ಬನ್) ಕಡಿಮೆ ಇರುವ ಹೊಸ ಇಂಧನಗಳಿಂದ ಮಸಿ ಇಳಿದು, ವಿಮಾನದ ಹಿಂದೆ ಮೂಡುವ ಬಿಳಿ ಗೆರೆಗಳ ಹಿಮಕಣಗಳೂ ಕಡಿಮೆಯಾಗುತ್ತವೆ. ನಾಕ್ಸ್ ಮಾತ್ರ ದಹನದ ಶಾಖದ ಕೂಸಾದ್ದರಿಂದ ಇಂಧನ ಬದಲಿಸಿದ ಮಾತ್ರಕ್ಕೆ ಹೋಗದು. ದಹನ ಕೋಣೆಯನ್ನೇ ಬದಲಿಸಬೇಕು. ಇಂಗಾಲೇತರ ಪರಿಣಾಮಗಳನ್ನು ವಿಮಾನಯಾನ ಸಂಸ್ಥೆಗಳು ಲೆಕ್ಕಹಾಕಿ ವರದಿ ಮಾಡುವ ವ್ಯವಸ್ಥೆ ಐರೋಪ್ಯ ಒಕ್ಕೂಟದಲ್ಲಿ ಶುರುವಾದದ್ದು 2025ರಲ್ಲಿ.