ಪದ ಪರಿಚಯ: ‘ಅನುದಾನ ಪ್ರಶಸ್ತಿ’

ಟೆಂಡರ್ ಸುದ್ದಿಯಲ್ಲಿ ‘ಗುತ್ತಿಗೆ ಪ್ರಶಸ್ತಿ ನೀಡಲಾಗಿದೆ’ ಎಂದು ಓದಿದರೆ ನಕ್ಕು ಮುಂದೆ ಹೋಗಬಹುದು. ಗುತ್ತಿಗೆದಾರನಿಗೆ ಹಾರ ಹಾಕಿದರಂತೆ ಎಂದು ಯಾರೂ ನಂಬುವುದಿಲ್ಲ. ‘ಅನುದಾನ ಪ್ರಶಸ್ತಿ’ ಅಷ್ಟು ನಿರುಪದ್ರವಿ ಅಲ್ಲ. ಸಣ್ಣ ಸೇವಾಸಂಸ್ಥೆಗಳಿಗೆ ಹಣವನ್ನೂ ತಜ್ಞರ ನೆರವನ್ನೂ ಒಟ್ಟಿಗೇ ಕೊಡುವ ಯೋಜನೆಗಳ ಪ್ರಕಟಣೆಗಳಲ್ಲಿ ಈ ಜೋಡುಪದ ಈಗ ಕಾಯಂ ಆಗಿ ಕೂತುಬಿಟ್ಟಿದೆ. ಓದಿದವರು ಏನು ಮಾಡುತ್ತಾರೆ? ಪ್ರಶಸ್ತಿ ತಾನೇ ಎಂದು ಹಳೆಯ ಸನ್ಮಾನಪತ್ರ, ಪತ್ರಿಕೆಯ ತುಣುಕು, ಗಣ್ಯರ ಜೊತೆಗಿನ ಫೋಟೋ ಎಲ್ಲವನ್ನೂ ಹುಡುಕಿ ಅರ್ಜಿಗೆ ಲಗತ್ತಿಸುತ್ತಾರೆ. ಅರ್ಜಿ ಕೇಳಿದ್ದು ಕಳೆದ ವರ್ಷಗಳ ಲೆಕ್ಕಪತ್ರ ಮತ್ತು ಬರುವ ವರ್ಷದಲ್ಲಿ ಸಂಸ್ಥೆ ಯಾವ ತೊಡಕನ್ನು ಬಿಡಿಸಿಕೊಳ್ಳಬೇಕಿದೆ ಎಂಬ ಮಾಹಿತಿ. ಅದಕ್ಕೆ ಉತ್ತರವೇ ಇಲ್ಲದ ದಪ್ಪ ಕಡತವೊಂದು ಮೊದಲ ಸುತ್ತಿನಲ್ಲೇ ಪಕ್ಕಕ್ಕೆ ಹೋಗುತ್ತದೆ.

ತಪ್ಪು ಶುರುವಾಗುವುದು ಇಂಗ್ಲಿಷಿನ ‘ಅವಾರ್ಡ್’ ಶಬ್ದಕ್ಕೆ ಕನ್ನಡದಲ್ಲಿ ಒಂದೇ ಅರ್ಥವಿದೆ ಎಂದುಕೊಳ್ಳುವುದರಿಂದ. ಆ ಶಬ್ದದ ಬೇರು ಹೊಗಳಿಕೆಯಲ್ಲಿಲ್ಲ, ನೋಟದಲ್ಲಿದೆ. ಹಳೆಯ ಉತ್ತರ ಫ್ರೆಂಚಿನ ‘ಎಸ್‌ವಾರ್ಡೆರ್’ ಎಂದರೆ ಗಮನವಿಟ್ಟು ನೋಡು, ಪರೀಕ್ಷಿಸಿ ನಿರ್ಣಯಿಸು. ಅದರೊಳಗಿನ ‘ವಾರ್ಡೆರ್’ ಜರ್ಮಾನಿಕ್ ಮೂಲದ್ದು. ಕಾವಲು ಕಾಯುವುದು, ಕಣ್ಣಿಡುವುದು ಎಂಬ ಅರ್ಥ. ಅದೇ ಬೇರು ಫ್ರೆಂಚಿನ ಬೇರೆ ಪ್ರಾಂತ್ಯಗಳಲ್ಲಿ ‘ಗಾರ್ಡೆರ್’ ಆಯಿತು. ಹಾಗಾಗಿ ನಾವು ದಿನವೂ ಬಳಸುವ ಗಾರ್ಡು, ಆಸ್ಪತ್ರೆಯ ವಾರ್ಡು, ಜೈಲಿನ ವಾರ್ಡರು, ಎಲ್ಲರೂ ಅವಾರ್ಡಿನ ದಾಯಾದಿಗಳೇ. ನೋಡಿ, ತೂಗಿ, ಕೊಟ್ಟ ತೀರ್ಮಾನವೇ ಅವಾರ್ಡ್. ಚಪ್ಪಾಳೆ ಆಮೇಲೆ ಅಂಟಿಕೊಂಡದ್ದು.

ಈ ಅರ್ಥ ಕನ್ನಡಕ್ಕೆ ಹೊಸದೇನಲ್ಲ ಎಂಬುದೇ ಬೇಸರದ ವಿಷಯ. ಭೂಸ್ವಾಧೀನದ ಕಾಗದಪತ್ರ ಕಂಡವರಿಗೆಲ್ಲ ‘ಐತೀರ್ಪು’ ಗೊತ್ತು. ಜಮೀನಿಗೆ ಇಷ್ಟು ಪರಿಹಾರ ಎಂದು ಅಧಿಕಾರಿ ಹೊರಡಿಸುವ ಆದೇಶವದು. ಇಂಗ್ಲಿಷಿನಲ್ಲಿ ಅದೂ ಅವಾರ್ಡೇ. ಜಮೀನು ಕಳೆದುಕೊಂಡವನಿಗೆ ಯಾರೂ ‘ಭೂಸ್ವಾಧೀನ ಪ್ರಶಸ್ತಿ’ ಕೊಟ್ಟಿಲ್ಲ. ಮಧ್ಯಸ್ಥಗಾರರು ಕೊಡುವ ಅವಾರ್ಡನ್ನೂ ನಾವು ತೀರ್ಪು ಎಂದೇ ಕರೆಯುತ್ತೇವೆ. ಟೆಂಡರಿನಲ್ಲಿ ಗುತ್ತಿಗೆ ‘ವಹಿಸುತ್ತಾರೆ’. ಅನುದಾನವನ್ನು ‘ಮಂಜೂರು’ ಮಾಡುತ್ತಾರೆ. ಹೀಗಾಗಿ ‘ಗ್ರಾಂಟ್ ಅವಾರ್ಡ್ ಲೆಟರ್’ ಎಂಬುದಕ್ಕೆ ಅನುದಾನ ಮಂಜೂರಾತಿ ಪತ್ರ ಎಂಬ ಹಳೇ, ಗಟ್ಟಿ, ಎಲ್ಲ ಗುಮಾಸ್ತರಿಗೂ ಗೊತ್ತಿರುವ ಕನ್ನಡ ಇದೆ. ಅದನ್ನು ಬಿಟ್ಟು ‘ಅನುದಾನ ಪ್ರಶಸ್ತಿ ಪತ್ರ’ ಎಂದು ಬರೆಯುವುದು ಯಂತ್ರದ ಅನುವಾದಕ್ಕೆ ಕ್ಷಮ್ಯ, ಮನುಷ್ಯರಿಗಲ್ಲ.

ಇನ್ನು ‘ಪ್ರಶಸ್ತಿ’. ಶಂಸ್ ಎಂಬ ಧಾತುವಿಗೆ ‘ಪ್ರ’ ಸೇರಿ ಬಂದದ್ದು. ಪ್ರಶಂಸೆ, ಪ್ರಶಸ್ತ ಇವೆಲ್ಲ ಅದರ ಒಡಹುಟ್ಟುಗಳು. ಹೊಗಳಿಕೆ ಎಂಬುದೊಂದೇ ಅದರ ಮೂಲ ಅರ್ಥ. ಕ್ರಿ.ಶ. 634ರ ಐಹೊಳೆ ಶಾಸನವನ್ನು ಪ್ರಶಸ್ತಿ ಎನ್ನುವುದು ರವಿಕೀರ್ತಿ ಅದರಲ್ಲಿ ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಹಾಡಿ ಹೊಗಳಿದ್ದಾನೆ ಎಂಬ ಕಾರಣಕ್ಕೆ. ಅಲ್ಲಿ ಪ್ರಶಸ್ತಿ ಎಂದರೆ ಆ ಪದ್ಯಗಳೇ. ಪುಲಕೇಶಿಗೆ ಯಾರೋ ಫಲಕ ಕೊಟ್ಟರೆಂದಲ್ಲ.

ಶಾಸನಗಳು ಈ ವಿಷಯದಲ್ಲಿ ನಮಗಿಂತ ಚೊಕ್ಕ. ದಾನಶಾಸನವೊಂದನ್ನು ಓದಿ ನೋಡಿ. ಮೊದಲು ರಾಜನ ಬಿರುದಾವಳಿ, ವಂಶ, ಗೆಲುವುಗಳು: ಇದು ಪ್ರಶಸ್ತಿ ಭಾಗ. ಆಮೇಲೆ ಧಾಟಿಯೇ ಬದಲಾಗುತ್ತದೆ. ಯಾರಿಗೆ ಕೊಟ್ಟದ್ದು, ಎಷ್ಟು ಮತ್ತರು ಭೂಮಿ, ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಯಾವ ಖರ್ಚಿಗೆ, ನಂದಾದೀವಿಗೆಗೋ, ವಿದ್ಯಾದಾನಕ್ಕೋ, ಜೀರ್ಣೋದ್ಧಾರಕ್ಕೋ. ಇದು ದತ್ತಿ ಭಾಗ. ಕೊನೆಗೆ ಶಾಪಾಶಯ: ಇದನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ. ಇಂದಿನ ಒಪ್ಪಂದಪತ್ರದಲ್ಲಿ ‘ಷರತ್ತು ಮೀರಿದರೆ ಹಣ ಮರುಪಾವತಿಸತಕ್ಕದ್ದು’ ಎಂದಿರುವ ಕಲಮಿನ ಪೂರ್ವಜ ಇದೇ, ಇನ್ನಷ್ಟು ಖಾರವಾಗಿ. ಹೊಗಳಿಕೆಗೂ ಹಸ್ತಾಂತರಕ್ಕೂ ಬೇರೆ ಬೇರೆ ಭಾಷೆ ಬೇಕು ಎಂಬುದು ಕಲ್ಲು ಕಡೆಯುವ ಶಿಲ್ಪಿಗೂ ತಿಳಿದಿತ್ತು.

ಹಾಗಾದರೆ ದತ್ತಿ ಎನ್ನೋಣವೇ? ಬೇಡ. ಈಗಿನ ಬಳಕೆಯಲ್ಲಿ ದತ್ತಿ ಎಂದರೆ ಮೂಲಧನ ಮುಟ್ಟದೆ ಬಡ್ಡಿಯಲ್ಲಿ ನಡೆಯುವಂಥದ್ದು: ದತ್ತಿನಿಧಿ, ದತ್ತಿ ಉಪನ್ಯಾಸ. ನಾವು ಮಾತಾಡುತ್ತಿರುವ ಹಣ ಒಂದೆರಡು ವರ್ಷದಲ್ಲಿ ಖರ್ಚಾಗಿ ಮುಗಿಯಬೇಕಾದದ್ದು. ‘ಬಹುಮಾನ’ ಸ್ಪರ್ಧೆಗೆ ಹೋಯಿತು. ‘ಸಹಾಯಧನ’ ಎಂದರೆ ಸಬ್ಸಿಡಿ. ‘ದೇಣಿಗೆ’ಗೆ ಒಪ್ಪಂದವೂ ಇಲ್ಲ, ವರದಿಯೂ ಇಲ್ಲ.

ಯೋಜನೆಯ ಹೆಸರಿಗೆ ಒಂದು ಗೌರವದ ಪದ ಬೇಕೇಬೇಕು ಎನ್ನುವವರಿಗೆ ‘ಪುರಸ್ಕಾರ’ ವಾಸಿ. ಪುರಸ್ ಎಂದರೆ ಮುಂದೆ. ಪುರಸ್ಕರಿಸು ಎಂದರೆ ಮುಂದಕ್ಕೆ ತಂದು ನಿಲ್ಲಿಸು. ಆಡಳಿತ ಕನ್ನಡದಲ್ಲಿ ‘ಕೇಂದ್ರ ಪುರಸ್ಕೃತ ಯೋಜನೆ’ ಎನ್ನುವಾಗ ಆ ಪದ ಹಣ ಒದಗಿಸಿ ಬೆನ್ನಿಗೆ ನಿಲ್ಲುವ ಅರ್ಥದಲ್ಲೇ ಇದೆ, ಶಾಲು ಹೊದಿಸುವ ಅರ್ಥದಲ್ಲಲ್ಲ. ಒಳಗಿನ ಹಣಕ್ಕೆ ಮಾತ್ರ ಅನುದಾನ ಎಂದೇ ಬರೆಯಬೇಕು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು: ಕೆಲವು ಅವಾರ್ಡುಗಳಲ್ಲಿ ಎರಡೂ ಬೆರೆತಿರುತ್ತವೆ. ಬ್ರಿಟನ್ನಿನಲ್ಲಿ 1997ರಿಂದ ನಡೆದುಬಂದಿರುವ, ಜಿಎಸ್‌ಕೆ ಎಂಬ ಔಷಧ ಕಂಪನಿಯ ಇಂಪ್ಯಾಕ್ಟ್ ಅವಾರ್ಡ್ಸ್ ಆರೋಗ್ಯ ಕ್ಷೇತ್ರದ ಚಿಕ್ಕ, ಮಧ್ಯಮ ಗಾತ್ರದ ಸಂಸ್ಥೆಗಳು ಈಗಾಗಲೇ ಮಾಡಿದ ಕೆಲಸವನ್ನು ಗುರುತಿಸುತ್ತದೆ. ಆ ಮಟ್ಟಿಗೆ ಅದು ಪ್ರಶಸ್ತಿಯೇ. ಆದರೆ ಜೊತೆಗೆ ಹಣವಿದೆ, ಆರೋಗ್ಯ ಕ್ಷೇತ್ರದ ಅಧ್ಯಯನ ಸಂಸ್ಥೆ ಕಿಂಗ್ಸ್ ಫಂಡ್ ಕೊಡುವ ನಾಯಕತ್ವದ ತರಬೇತಿಯೂ ಇದೆ. ಅಲ್ಲಿಯದೇ ವೆಸ್ಟನ್ ಚಾರಿಟಿ ಅವಾರ್ಡ್ಸ್ ಇನ್ನೊಂದು ಬಗೆಯದು. ಗಾರ್ಫೀಲ್ಡ್ ವೆಸ್ಟನ್ ಫೌಂಡೇಶನ್ ಹಣ ಹಾಕುತ್ತದೆ, ಪೈಲಟ್‌ಲೈಟ್ ಎಂಬ ಸಂಸ್ಥೆ ವ್ಯಾಪಾರ ವಹಿವಾಟಿನಲ್ಲಿ ಪಳಗಿದವರನ್ನು ಸಂಸ್ಥೆಗೆ ಜೋಡಿಸುತ್ತದೆ. ಹೆಸರಲ್ಲಿ ಅವಾರ್ಡ್ ಇದ್ದರೂ ಅದರ ತಿರುಳು ಆ ಜೋಡಣೆಯೇ.

‘ಷರತ್ತಿಲ್ಲದ ಹಣ’ ಎಂಬ ಇನ್ನೊಂದು ಅಪಾಯಕಾರಿ ಅನುವಾದವೂ ಇಂಥ ಪ್ರಕಟಣೆಗಳಲ್ಲೇ ಸಿಗುತ್ತದೆ. ‘ಅನ್‌ರಿಸ್ಟ್ರಿಕ್ಟೆಡ್’ ಎಂದರೆ ಇಂಥದೇ ಬಾಬಿಗೆ ಎಂದು ಕೊಟ್ಟವರು ಕಟ್ಟು ಹಾಕಿಲ್ಲ ಎಂದಷ್ಟೇ. ಬಾಡಿಗೆ, ಸಂಬಳ, ವಿದ್ಯುತ್ ಬಿಲ್ಲು, ಹಳೇ ಕಂಪ್ಯೂಟರ್ ಬದಲಾವಣೆ, ಯಾವುದಕ್ಕೂ ಹಾಕಬಹುದು. ಆದರೆ ಸಂಸ್ಥೆಯ ನಿಯಮಾವಳಿಯಲ್ಲಿ ಬರೆದ ಉದ್ದೇಶದ ಆಚೆ ಒಂದು ಪೈಸೆಯೂ ಹೋಗುವಂತಿಲ್ಲ. ವರದಿ ಕೊಡುವ ಷರತ್ತು, ಲೆಕ್ಕ ತೋರಿಸುವ ಷರತ್ತು, ಸಂಸ್ಥೆ ಮುಚ್ಚಿದರೆ ಉಳಿದದ್ದನ್ನು ಹಿಂತಿರುಗಿಸುವ ಷರತ್ತು ಎಲ್ಲವೂ ಇರಬಹುದು. ‘ಬಾಬು ಗೊತ್ತುಪಡಿಸದ ಹಣ’ ಎಂದರೆ ಸಾಕು. ಇಲ್ಲೇ ಇನ್ನೊಂದು ಎಡವಟ್ಟು: ಬಂದ ಹಣದಲ್ಲಿ ಅರ್ಧವನ್ನು ಕಟ್ಟಡಕ್ಕೆಂದು ಆಡಳಿತ ಮಂಡಳಿ ತಾನೇ ಠರಾವು ಮಾಡಿ ತೆಗೆದಿಟ್ಟಿತು ಅನ್ನಿ. ಅದು ‘ಬಾಬು ಗೊತ್ತುಪಡಿಸಿದ ನಿಧಿ’ ಆಗುವುದಿಲ್ಲ. ಕಟ್ಟು ಹಾಕುವ ಅಧಿಕಾರ ಕೊಟ್ಟವರದ್ದು. ಮಂಡಳಿ ತೆಗೆದಿಟ್ಟದ್ದನ್ನು ಮಂಡಳಿಯೇ ಇನ್ನೊಂದು ಠರಾವಿನಿಂದ ಬಿಚ್ಚಬಹುದು. ಲೆಕ್ಕಪತ್ರದಲ್ಲಿ ಇವೆರಡನ್ನೂ ಒಂದೇ ಕಲಮಿನಲ್ಲಿ ತೋರಿಸಿದರೆ ಮುಂದಿನ ಅರ್ಜಿಯನ್ನು ಪರಿಶೀಲಿಸುವವರಿಗೆ ಕೈಯಲ್ಲಿರುವ ಮೀಸಲು ಎಷ್ಟು ಎಂದೇ ತಿಳಿಯದು.

‘ತಜ್ಞರ ನೆರವು’ ಎಂಬುದನ್ನು ತರಬೇತಿ ಎಂದು ಓದಿಕೊಳ್ಳುವವರು ಇನ್ನೂ ಹೆಚ್ಚು. ತರಬೇತಿಯಲ್ಲಿ ಎಲ್ಲರಿಗೂ ಒಂದೇ ಪಾಠ, ಕೂತು ಕೇಳಿ ಬಂದರೆ ಮುಗಿಯಿತು. ಇಲ್ಲಿ ಹಾಗಲ್ಲ. ಮೂರ್ನಾಲ್ಕು ಮಂದಿ ಹೊರಗಿನವರು, ಹಣಕಾಸು ಬಲ್ಲವರೊಬ್ಬರು, ಸಿಬ್ಬಂದಿ ನಿರ್ವಹಣೆ ಗೊತ್ತಿರುವವರೊಬ್ಬರು, ಹೀಗೆ, ತಿಂಗಳಿಗೊಮ್ಮೆ ಬಂದು ಕೂರುತ್ತಾರೆ. ಕೇಳುವ ಪ್ರಶ್ನೆಗಳು ಸುಲಭದವಲ್ಲ. ಈ ಮೂರು ಕಾರ್ಯಕ್ರಮಗಳಲ್ಲಿ ನಷ್ಟ ಯಾವುದರಲ್ಲಿ? ದೊಡ್ಡ ದಾನಿಯೊಬ್ಬರು ಕೈಬಿಟ್ಟರೆ ಎಷ್ಟು ತಿಂಗಳು ನಡೆಯುತ್ತದೆ? ಕಾರ್ಯದರ್ಶಿ ನಾಳೆ ಬಿಟ್ಟರೆ ಬ್ಯಾಂಕಿಗೆ ಸಹಿ ಯಾರದ್ದು? ಬರೆದುಕೊಡುವುದು ಅವರ ಕೆಲಸವಲ್ಲ. ಕೇಳುವುದು ಅವರ ಕೆಲಸ, ಉತ್ತರ ಹುಡುಕುವುದು ಸಂಸ್ಥೆಯದ್ದು.

ಆ ಹುಡುಕಾಟಕ್ಕೆ ಗಂಟೆಗಳು ಬೇಕು. ಲೆಕ್ಕ ಹಾಕಿ ನೋಡಿ: ತಿಂಗಳಿಗೆ ಮೂರು ಗಂಟೆಯ ಒಂದು ಸಭೆ, ಅದಕ್ಕೆ ಅಂಕಿಅಂಶ ಹೊಂದಿಸಲು ನಾಲ್ಕು ಗಂಟೆ, ಆಮೇಲೆ ಒಪ್ಪಿದ್ದನ್ನು ಮಾಡಲು ಮೂರು ಗಂಟೆ. ತಿಂಗಳಿಗೆ ಹತ್ತು, ಹತ್ತು ತಿಂಗಳಿಗೆ 100 ಗಂಟೆ. ಮಂಡಳಿಯ ಇಬ್ಬರು ಸಭೆಗಳಿಗೆ ಬಂದರೆ ಇನ್ನೂ 60. ಒಟ್ಟು 160 ಗಂಟೆ, ಅಂದರೆ ಒಬ್ಬರ ನಾಲ್ಕು ವಾರದ ಪೂರ್ತಿ ದುಡಿಮೆ. ಸಂಬಳದ ಮೇಲೆ ಇಬ್ಬರೇ ಇರುವ ಸಂಸ್ಥೆಗೆ ಇದು ಚಿಲ್ಲರೆ ಹೊರೆಯಲ್ಲ. ಇಂಥ ಯೋಜನೆಗಳು ಹಣವನ್ನೂ ನೆರವನ್ನೂ ಜೊತೆ ಮಾಡಿ ಕೊಡುವುದಕ್ಕೆ ಮುಖ್ಯ ಕಾರಣವೇ ಇದು: ಕಾರ್ಯದರ್ಶಿ ಸಭೆಯಲ್ಲಿ ಕೂತಾಗ ನಿತ್ಯದ ಕೆಲಸ ನೋಡಿಕೊಳ್ಳಲು ಇನ್ನೊಬ್ಬರಿಗೆ ಕೂಲಿ ಕೊಡಲು ಆ ಹಣ ಒದಗಬೇಕು. ಇದನ್ನು ತಿಳಿಯದವರು ಬಂದದ್ದನ್ನೆಲ್ಲ ಕಾರ್ಯಕ್ರಮಕ್ಕೆ ಸುರಿದು, ಮೂರನೇ ಸಭೆಯ ಹೊತ್ತಿಗೆ ‘ಈ ತಿಂಗಳು ಆಗುವುದಿಲ್ಲ’ ಎಂದು ಫೋನು ಮಾಡುತ್ತಾರೆ. ನೆರವು ಸೋರಿಹೋಗುವುದು ಹೀಗೆ. ಕಾರ್ಯದರ್ಶಿ ಒಬ್ಬರೇ ಎಲ್ಲ ಸಭೆಗೂ ಹೋಗುವ ಕಡೆ ಇನ್ನೊಂದು ಬಗೆಯ ಸೋರಿಕೆ: ಅಲ್ಲಿ ಒಪ್ಪಿಕೊಂಡ ಯೋಜನೆಯನ್ನು ಆಡಳಿತ ಮಂಡಳಿ ಮೊದಲ ಸಲ ಕಾಣುವುದು ವರ್ಷದ ಕೊನೆಗೆ, ಮತ್ತು ‘ಇದನ್ನೆಲ್ಲ ಯಾರು ಹೇಳಿದ್ದು?’ ಎಂದು ಕೇಳುತ್ತದೆ.

ಅರ್ಜಿಯ ಮಾತಿಗೆ ಬಂದರೆ, ಅರ್ಹತೆಯ ಕಲಮುಗಳು ಬೇಗ ಓದಿ ಮುಗಿಸುವಂಥವು: ನೋಂದಣಿ, ಇಷ್ಟು ವರ್ಷದ ಅನುಭವ, ಸಂಬಳದ ಸಿಬ್ಬಂದಿ ಇದ್ದಾರೋ ಇಲ್ಲವೋ, ವಾರ್ಷಿಕ ಆದಾಯ ಇಷ್ಟರಿಂದ ಇಷ್ಟರೊಳಗೆ. ‘ಸಣ್ಣ’ ಎಂಬುದಕ್ಕೆ ಎಲ್ಲ ಕಡೆ ಒಂದೇ ಅಳತೆ ಇಲ್ಲ. ಪ್ರತಿ ಯೋಜನೆಯೂ ತನ್ನ ಮೇಲ್ಮಿತಿ, ಕೆಳಮಿತಿ ಹಾಕಿಕೊಳ್ಳುತ್ತದೆ. ಕೆಳಮಿತಿಯನ್ನು ಮರೆತು ಅರ್ಜಿ ಹಾಕುವವರು ಬಹಳ. ತೀರ ಸಣ್ಣ ಸಂಸ್ಥೆಗೆ ಈ 160 ಗಂಟೆ ಭರಿಸಲಾಗದು ಎಂಬುದಕ್ಕೇ ಆ ಮಿತಿ. ಸೋಲುವುದು ಸಾಮಾನ್ಯವಾಗಿ ‘ನಿಮ್ಮ ಸಂಸ್ಥೆ ಎದುರಿಸುತ್ತಿರುವ ಸವಾಲು ಏನು?’ ಎಂಬ ಅಂಕಣದಲ್ಲಿ. ‘ಹಣದ ಕೊರತೆ’ ಎಂದು ಬರೆದರೆ ಬರೆಯದಿದ್ದಂತೆಯೇ. ‘ನಮ್ಮ ಆದಾಯದಲ್ಲಿ ನೂರಕ್ಕೆ ಎಪ್ಪತ್ತು ಒಬ್ಬರೇ ದಾನಿಯದ್ದು, ಅವರ ಒಪ್ಪಂದ ಮುಂದಿನ ವರ್ಷ ಮುಗಿಯುತ್ತದೆ, ಬೇರೆ ದಾರಿ ಹುಡುಕಲು ನಮ್ಮಲ್ಲಿ ಅನುಭವಿಗಳಿಲ್ಲ’ ಎಂದು ಬರೆದರೆ ಯಾವ ತಜ್ಞರನ್ನು ಕಳಿಸಬೇಕೆಂದು ಓದುವವರಿಗೆ ಆ ಕ್ಷಣವೇ ಹೊಳೆಯುತ್ತದೆ. ಪ್ರಶಸ್ತಿ ಎಂಬ ಪದ ತಲೆಯಲ್ಲಿ ಕೂತವರು ಈ ಎರಡನೆಯ ವಾಕ್ಯವನ್ನು ಬರೆಯಲಾರರು. ಬಿರುದಾವಳಿಯಲ್ಲಿ ಯಾರೂ ತಮ್ಮ ಕುಂದು ಹೇಳಿಕೊಳ್ಳುವುದಿಲ್ಲವಲ್ಲ.

ಕೊನೆಗೆ ಮೊತ್ತದ ಗೊಂದಲ. ಪ್ರಕಟಣೆಯಲ್ಲಿ ‘ಒಟ್ಟು ಮೌಲ್ಯ’ ಎಂದಿದ್ದರೆ ಪೆನ್ಸಿಲ್ ಹಿಡಿದು ಓದಬೇಕು. ಒಟ್ಟು ಹತ್ತು ಪಾಲಿನಲ್ಲಿ ಆರು ನಗದು, ನಾಲ್ಕು ತಜ್ಞರ ಸಮಯಕ್ಕೆ ಕಟ್ಟಿದ ಬೆಲೆ ಇರಬಹುದು. ಆ ಆರರಲ್ಲೂ ನಾಲ್ಕು ಮೊದಲ ಕಂತು, ಉಳಿದೆರಡು ಅರ್ಧವಾರ್ಷಿಕ ವರದಿಯ ನಂತರ ಇರಬಹುದು. ಹತ್ತು ಬರುತ್ತದೆಂದು ಆಯವ್ಯಯ ಬರೆದವರ ಕೈಯಲ್ಲಿ ಮೊದಲ ತಿಂಗಳು ಇರುವುದು ನಾಲ್ಕೇ. ತಜ್ಞರ ಸಮಯವನ್ನು ಲೆಕ್ಕಕ್ಕೆ ಹಿಡಿಯುವ ರೀತಿ ಆಯಾ ದೇಶದ ಲೆಕ್ಕ ನಿಯಮಕ್ಕೆ ಬಿಟ್ಟದ್ದು. ಬ್ರಿಟನ್ನಿನಲ್ಲಿ ಸಂಚಯ ಪದ್ಧತಿಯ (ನಗದು ಕೈ ಬದಲಾದಾಗಲ್ಲ, ಹಕ್ಕು ಅಥವಾ ಹೊಣೆ ಹುಟ್ಟಿದಾಗಲೇ ಬರೆಯುವ) ಲೆಕ್ಕ ಇಡುವ ಸಂಸ್ಥೆಗಳು ಪುಕ್ಕಟೆ ಸಿಕ್ಕ ವೃತ್ತಿಪರ ಸೇವೆಗೆ ತಮಗಾದ ಪ್ರಯೋಜನದ ಬೆಲೆ ಕಟ್ಟಿ ಆದಾಯದಲ್ಲಿ ತೋರಿಸುತ್ತವೆ, ಅಷ್ಟನ್ನೇ ಖರ್ಚಿನಲ್ಲೂ ತೋರಿಸುತ್ತವೆ. ಸಾಮಾನ್ಯ ಸ್ವಯಂಸೇವಕರ ದುಡಿಮೆಗೆ ಬೆಲೆ ಕಟ್ಟುವುದಿಲ್ಲ, ಅದನ್ನು ಟಿಪ್ಪಣಿಯಲ್ಲಿ ವಿವರಿಸುತ್ತವೆ. ಬರೀ ಜಮಾ ಖರ್ಚಿನ ಲೆಕ್ಕ ಇಡುವಲ್ಲಿ ಬ್ಯಾಂಕಿಗೆ ಬಂದ ಆರು ಪಾಲು ಮಾತ್ರ ಜಮಾ. ಉಳಿದ ನಾಲ್ಕನ್ನೂ ಜಮಾ ಕಡೆ ಬರೆದು ಖರ್ಚಿನ ಕಡೆ ಮರೆತರೆ, ವರ್ಷಾಂತ್ಯದ ಶಿಲ್ಕು ಬ್ಯಾಂಕಿನ ಪಾಸ್‌ಬುಕ್ಕಿಗಿಂತ ಸರಿಯಾಗಿ ನಾಲ್ಕು ಪಾಲು ಹೆಚ್ಚಿಗೆ ಕಾಣುತ್ತದೆ.