ಸಮೀಕರಣ ಕಿವಿಗೂ ತಲುಪಬೇಕು: ಆನ್‌ಲೈನ್ ಗಣಿತ ಪಾಠ ತಯಾರಿಸುವವರಿಗೆ ಟಿಪ್ಪಣಿ

ಕಲಬುರಗಿಯ ನಮ್ಮ ಬಿ.ಎಡ್. ಬ್ಯಾಚಿನವರು ಹತ್ತನೇ ತರಗತಿ ಗಣಿತಕ್ಕೆ ಆನ್‌ಲೈನ್ ಪಾಠಗಳ ವೇದಿಕೆಯಾದ ಮೂಡಲ್‌ನಲ್ಲಿ ಪಾಠ ತಯಾರಿಸುತ್ತಿದ್ದೇವೆ. ವರ್ಗ ಸಮೀಕರಣದ ಅಧ್ಯಾಯಕ್ಕೆ ಕೈ ಹಾಕುವ ಮುಂಚೆ ಎಲ್ಲರೂ ಇದನ್ನು ಒಮ್ಮೆ ಓದಿಕೊಳ್ಳಿ. ನಾನು ಹೇಳುವುದು ಇಷ್ಟೇ: ಸಮೀಕರಣವನ್ನು ಚಿತ್ರ ಮಾಡಿ ಅಂಟಿಸಬೇಡಿ, ಸಮೀಕರಣವಾಗಿಯೇ ಬರೆಯಿರಿ.

ಬೋರ್ಡಿನ ಮೇಲೆ ಬರೆಯುತ್ತಾ "1 ಪ್ಲಸ್ 2 ಬೈ 3" ಅನ್ನುತ್ತೇವೆ. ಗೆರೆ ಎಲ್ಲಿಂದ ಎಲ್ಲಿಯವರೆಗೆ ಎಳೆದಿದೆ ಅನ್ನುವುದು ನೋಡುವವರಿಗೆ ಕಾಣುತ್ತದೆ, ಕೇಳುವವರಿಗೆ ಗೊತ್ತಾಗುವುದಿಲ್ಲ. ಗೆರೆ 2ರ ಕೆಳಗೆ ಮಾತ್ರ ಇದ್ದರೆ ಉತ್ತರ 5/3. 1 + 2 ಪೂರ್ತಿ ಗೆರೆಯ ಮೇಲಿದ್ದರೆ ಉತ್ತರ 1. "ಮೈನಸ್ 3 ಸ್ಕ್ವೇರ್" ಅಂದರೂ ಇದೇ ಪಾಡು: ಆವರಣ ಇದ್ದರೆ 9, ಇಲ್ಲದಿದ್ದರೆ −9. ವರ್ಗ ಸಮೀಕರಣದ ಸೂತ್ರದಲ್ಲಂತೂ ವರ್ಗಮೂಲದ ಚಿಹ್ನೆ ಎಲ್ಲಿ ಮುಗಿಯಿತು, ಛೇದದ 2ಎ ಯಾವುದನ್ನೆಲ್ಲ ಭಾಗಿಸುತ್ತದೆ ಅನ್ನುವುದರಲ್ಲೇ ಅರ್ಧ ಗಣಿತ ಇದೆ. ಮೇಲೆ, ಕೆಳಗೆ, ಒಳಗೆ ಅನ್ನುವ ಈ ರಚನೆ ಫೈಲಿನಲ್ಲೇ ಬರೆದಿದ್ದರೆ ಮಾತ್ರ ಸ್ಕ್ರೀನ್ ರೀಡರ್ (ಪರದೆಯ ಮೇಲಿನದನ್ನು ದನಿಯಲ್ಲಿ ಓದುವ ಪ್ರೋಗ್ರಾಂ) ಅದನ್ನು ಓದಿ ಹೇಳುತ್ತದೆ. ಚಿತ್ರದಲ್ಲಿ ಅದು ಇರುವುದಿಲ್ಲ, ಚುಕ್ಕೆಗಳಷ್ಟೇ ಇರುತ್ತವೆ.

ನಮ್ಮ ಗುಂಪಿನಲ್ಲಿ ಕಣ್ಣು ಕಾಣದ ಗೆಳೆಯರೊಬ್ಬರಿದ್ದಾರೆ, ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಬಳಸುತ್ತಾರೆ. ಸೂತ್ರಗಳನ್ನು ಫೋಟೊ ತೆಗೆದು ಹಾಕಿದ್ದ ಒಂದು ಪಾಠವನ್ನು ಅವರು ತೆರೆದಾಗ ಪಕ್ಕದಲ್ಲೇ ಕೂತಿದ್ದೆ. ಕನ್ನಡದ ವಾಕ್ಯ ಸರಾಗ ಓದುತ್ತಿತ್ತು, ಸೂತ್ರದ ಹತ್ತಿರ ಬಂದ ಕೂಡಲೇ "ಗ್ರಾಫಿಕ್" ಅಂತ ಒಂದೇ ಪದ. ಮತ್ತೆ ವಾಕ್ಯ, ಮತ್ತೆ "ಗ್ರಾಫಿಕ್". "ನೋಡ್ರಿ, ಚಿತ್ರ ಅದ ಅಂತ ಹೇಳ್ತದ, ಒಳಗ ಏನದ ಅಂಬೋದು ಹೇಳಲ್ಲ. ಲೆಕ್ಕ ಹ್ಯಾಂಗ್ ಮಾಡ್ಲಿ?" ಅಂದರು. ಪಾಠದಲ್ಲಿ ಗಣಿತ ಬಿಟ್ಟು ಉಳಿದದ್ದೆಲ್ಲ ಅವರಿಗೆ ಸಿಕ್ಕಿತ್ತು.

ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ನೋಟ್ಸ್ ಕೈಗೆ ಬಂದವರಿಗೆ ಈ ತೊಂದರೆ ಹೊಸದಲ್ಲ. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ, ಫೈಲಿನೊಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಯುನಿಕೋಡ್‌ಗೆ ಬದಲಿಸುವವರೆಗೂ ಸ್ಕ್ರೀನ್ ರೀಡರ್ ಅದನ್ನು ಕನ್ನಡವೆಂದು ಓದುವುದಿಲ್ಲ, ಹುಡುಕಿದರೂ ಸಿಗುವುದಿಲ್ಲ. ಹಳೇ ನೋಟ್ಸ್ ಮೂಡಲ್‌ಗೆ ಹಾಕುವವರು ಮೊದಲು ಆ ಕೆಲಸ ಮುಗಿಸಿಕೊಳ್ಳಿ. ಕನ್ನಡಕ್ಕೆ ಯುನಿಕೋಡ್ ಹೇಗೋ ಸಮೀಕರಣಕ್ಕೆ ಮ್ಯಾಥ್‌ಎಂಎಲ್ ಹಾಗೆ. ವೆಬ್‌ಗೆ ನಿಯಮ ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ ಇದನ್ನು 1998ರಲ್ಲೇ ಮಾನದಂಡವಾಗಿ ಹೊರತಂದಿತು. ಇದು ಭಿನ್ನರಾಶಿ, ಇದು ಅದರ ಅಂಶ, ಇದು ಛೇದ ಅಂತ ಬ್ರೌಸರಿಗೆ ತಿಳಿಯುವಂತೆ ಗುರುತು ಹಾಕುವ ಭಾಷೆ ಇದು.

ಮ್ಯಾಥ್‌ಎಂಎಲ್ ಅನ್ನು ಸಾಮಾನ್ಯವಾಗಿ ಯಾರೂ ಕೈಯಿಂದ ಟೈಪ್ ಮಾಡುವುದಿಲ್ಲ, ನೀವೂ ಮಾಡಬೇಕಿಲ್ಲ. ನಾವು ಕಲಿಯಬೇಕಾದದ್ದು ಸೂತ್ರಗಳನ್ನು ಟೈಪ್ ಮಾಡುವ ಲೇಟೆಕ್ ಅನ್ನುವ ವಿಧಾನ, ಅದರಲ್ಲೂ ಹತ್ತನೇ ತರಗತಿಗೆ ಬೇಕಾದಷ್ಟು. ಎರಡು ಡಾಲರ್ ಚಿಹ್ನೆ ಹಾಕಿ, ಬ್ಯಾಕ್‌ಸ್ಲ್ಯಾಶ್ ಜೊತೆ "ಫ್ರ್ಯಾಕ್" (frac) ಅಂತ ಇಂಗ್ಲಿಷಿನಲ್ಲಿ ಬರೆದು, ಒಂದು ಪುಷ್ಪಾವರಣದಲ್ಲಿ 1 + 2, ಇನ್ನೊಂದರಲ್ಲಿ 3 ಹಾಕಿ, ಮತ್ತೆ ಎರಡು ಡಾಲರ್‌ನಿಂದ ಮುಗಿಸಿ. ಗೆರೆ ಎಲ್ಲಿಯವರೆಗೆ ಅನ್ನುವ ಪ್ರಶ್ನೆಗೆ ಪುಷ್ಪಾವರಣವೇ ಉತ್ತರ. ವರ್ಗಮೂಲಕ್ಕೆ "ಸ್ಕ್ವರ್ಟ್" (sqrt) ಆಜ್ಞೆ, ಘಾತಕ್ಕೆ ಟೋಪಿಯಂಥ ಚಿಹ್ನೆ (^). ಮೂಡಲ್‌ನ ಎಡಿಟರ್‌ನಲ್ಲಿ ಸಮೀಕರಣದ ಬಟನ್ ಇದೆ, ಆಜ್ಞೆ ಮರೆತರೆ ಅದನ್ನು ಒತ್ತಿ. ಒಂದೇ ಡಾಲರ್ ಹಾಕಿದರೆ ಮೂಡಲ್ ಅದನ್ನು ಗಣಿತ ಅಂದುಕೊಳ್ಳುವುದಿಲ್ಲ, ಹಣದ ಚಿಹ್ನೆ ಅಂತ ಬಿಟ್ಟುಬಿಡುತ್ತದೆ.

ಹೀಗೆ ಬರೆದದ್ದನ್ನು ಮ್ಯಾಥ್‌ಜಾಕ್ಸ್ ಅನ್ನುವ ಪ್ರೋಗ್ರಾಂ ಪುಟದಲ್ಲಿ ಸಮೀಕರಣವಾಗಿ ತೋರಿಸುತ್ತದೆ, ಜೊತೆಗೆ ಸ್ಕ್ರೀನ್ ರೀಡರಿಗೆ ಬೇಕಾದದ್ದನ್ನೂ ಒದಗಿಸುತ್ತದೆ. ಎನ್‌ವಿಡಿಎಯಲ್ಲಿ ಗಣಿತ ಓದಿಸುವ ಮ್ಯಾಥ್‌ಕ್ಯಾಟ್ ಇದ್ದರೆ ಸೂತ್ರವನ್ನು ಪೂರ್ತಿ ಓದಿಸಬಹುದು. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್), ಆಲ್ಟ್, ಎಂ ಒಟ್ಟಿಗೆ ಒತ್ತಿದರೆ ಸೂತ್ರದ ಒಳಗೇ ಇಳಿಯಬಹುದು. ಬಾಣದ ಕೀಲಿಗಳಿಂದ ಅಂಶಕ್ಕೆ ಹೋಗಿ ಅದನ್ನಷ್ಟೇ ಕೇಳಿ, ಆಮೇಲೆ ಛೇದಕ್ಕೆ ಬರಬಹುದು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಉದ್ದದ ಸೂತ್ರವನ್ನು ಒಂದೇ ಉಸಿರಿಗೆ ಕೇಳಿ ನೆನಪಿಡುವುದು ಯಾರಿಂದಲೂ ಆಗದು. ನಾವು ಕಣ್ಣಲ್ಲಿ ಮತ್ತೆ ಮತ್ತೆ ಹಿಂದೆ ಹೋಗಿ ನೋಡುತ್ತೇವಲ್ಲ, ಅವರಿಗೂ ಆ ಅನುಕೂಲ ಬೇಕು. ಬ್ರೈಲ್ ಡಿಸ್‌ಪ್ಲೇ (ಬ್ರೈಲ್ ಚುಕ್ಕೆ ಮೂಡಿಸುವ ಸಾಧನ) ಇದ್ದವರಿಗೆ ಅದೇ ಸಮೀಕರಣ ನೆಮೆತ್ ಬ್ರೈಲ್‌ನಲ್ಲಿ ಬೆರಳಿಗೆ ಸಿಗುತ್ತದೆ. ಗಣಿತಕ್ಕಾಗಿ ಆ ಲಿಪಿಯನ್ನು ರೂಪಿಸಿದ ಅಬ್ರಹಾಂ ನೆಮೆತ್ ಸ್ವತಃ ಅಂಧ ಗಣಿತಜ್ಞ.

ಸಣ್ಣ ಸೂತ್ರ ಅಂತ ಮಾಮೂಲಿ ಅಕ್ಷರದಲ್ಲಿ ಬರೆಯುವುದೂ ಅಪಾಯ. 5ರ ವರ್ಗವನ್ನು ಸೂಪರ್‌ಸ್ಕ್ರಿಪ್ಟ್ ಬಟನ್ ಒತ್ತಿ ಬರೆದರೆ ಎಷ್ಟೋ ಸಲ "ಐವತ್ತೆರಡು" ಅಂತ ಕೇಳಿಸುತ್ತದೆ. ಮೈನಸ್ ಬದಲು ಹೈಫನ್ ಹಾಕಿದರೆ ಕಳೆಯುವ ಚಿಹ್ನೆಯೇ ನುಂಗಿಹೋಗಬಹುದು. ಹಾಗಾಗಿ 5 − 3 ಅನ್ನುವಷ್ಟು ಪುಟ್ಟದನ್ನೂ ಸಮೀಕರಣವಾಗಿಯೇ ಬರೆಯೋಣ.

ಕನ್ನಡ ಮಾಧ್ಯಮದವರಿಗೆ ಒಂದು ಮಾತು. ಸೂತ್ರದ ಒಳಗೆ ಕನ್ನಡ ಪದ ಸೇರಿಸಬೇಡಿ. "ಶೋಧಕ = ..." ಅಂತ ಡಾಲರ್‌ಗಳ ಮಧ್ಯೆ ಬರೆದರೆ ಪ್ರತಿ ಅಕ್ಷರವನ್ನೂ ಬೇರೆ ಬೇರೆ ಚರಾಕ್ಷರ ಅಂದುಕೊಂಡು ಕಾಗುಣಿತ, ಒತ್ತಕ್ಷರಗಳನ್ನು ಕಳಚಿಹಾಕಬಹುದು. ಕನ್ನಡದ ವಾಕ್ಯ ಹೊರಗಿರಲಿ, ಸೂತ್ರ ಒಳಗಿರಲಿ. ಸೂತ್ರದ ಕೆಳಗೆ ಒಂದು ಸಾಲಿನಲ್ಲಿ ಅದನ್ನೇ ಮಾತಿನಲ್ಲಿ ಹೇಳಿ: "ಬಿ ವರ್ಗದಿಂದ 4 ಎ ಸಿ ಕಳೆದರೆ ಬರುವುದೇ ಶೋಧಕ." ಈ ಸಾಲು ಕಣ್ಣಿದ್ದವರಿಗೂ ಉಪಯೋಗ, ಸೂತ್ರ ನೋಡಿದೊಡನೆ ಹೆದರುವ ಹುಡುಗರಿಗಂತೂ ಬೇಕೇ ಬೇಕು.

ಯಾದಗಿರಿ ಕಡೆಯ ಹಳ್ಳಿಗಳಿಂದ ಫೋನಿನಲ್ಲೇ ಪಾಠ ನೋಡುವವರನ್ನೂ ಮರೆಯಬೇಡಿ. ಸಿಗ್ನಲ್ ಕಮ್ಮಿ ಇದ್ದು ಮ್ಯಾಥ್‌ಜಾಕ್ಸ್ ಲೋಡ್ ಆಗದಿದ್ದರೆ ಅವರಿಗೆ ಡಾಲರ್, ಬ್ಯಾಕ್‌ಸ್ಲ್ಯಾಶ್‌ಗಳ ಸಾಲು ಮಾತ್ರ ಕಾಣುತ್ತದೆ. ಮ್ಯಾಥ್‌ಎಂಎಲ್ ಆಗಿಯೇ ಕೊಟ್ಟರೆ ಈ ತಾಪತ್ರಯ ಇಲ್ಲ. ಫೈರ್‌ಫಾಕ್ಸ್, ಸಫಾರಿ ಅದನ್ನು ಮೊದಲಿನಿಂದ ತೋರಿಸುತ್ತಿದ್ದವು, 2023ರ ಜನವರಿಯಲ್ಲಿ ಬಂದ ಕ್ರೋಮ್ 109ರಿಂದ ಕ್ರೋಮ್‌ನಲ್ಲೂ ಬರುತ್ತದೆ. ವರ್ಡ್‌ನಲ್ಲಿ ಸಮೀಕರಣದ ಎಡಿಟರ್ ಬಳಸಿ ಬರೆದ ನೋಟ್ಸ್ ಇದ್ದರೆ ಪ್ಯಾನ್‌ಡಾಕ್ ಅನ್ನುವ ಉಚಿತ ಪ್ರೋಗ್ರಾಂ ಅದನ್ನು ಮ್ಯಾಥ್‌ಎಂಎಲ್ ಇರುವ ವೆಬ್ ಪುಟವಾಗಿ ಬದಲಿಸಿಕೊಡುತ್ತದೆ. ಗಣಿತದ ಫಾಂಟ್ ಇಲ್ಲದ ಫೋನಿನಲ್ಲಿ ದೊಡ್ಡ ಆವರಣಗಳು ಸರಿಯಾಗಿ ಹಿಗ್ಗದೆ ಉಳಿಯಬಹುದು, ಓದಲು ಅಡ್ಡಿಯಾಗುವುದಿಲ್ಲ.

ಸಮೀಕರಣವನ್ನು ಚಿತ್ರವಾಗಿ ಮಾತ್ರ ಒಪ್ಪುವ ಟೂಲ್‌ಗಳೂ ಇವೆ. ಬೇರೆ ದಾರಿ ಇಲ್ಲದಿದ್ದರೆ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವ ವಿವರಣೆ, ಬರೆಯಿರಿ. "ಸೂತ್ರ" ಅಂತಲ್ಲ, ಸೂತ್ರವನ್ನೇ: "ಭಿನ್ನರಾಶಿ, ಅಂಶ 1 ಪ್ಲಸ್ 2, ಛೇದ 3, ಭಿನ್ನರಾಶಿ ಮುಗಿಯಿತು." ಕೊನೆಯ ಎರಡು ಪದ ಬಿಡಬೇಡಿ. ಆದರೂ ಅದರೊಳಗೆ ಇಳಿದು ಓಡಾಡಲು ಬರುವುದಿಲ್ಲ, ದೊಡ್ಡದು ಮಾಡಿ ನೋಡುವ ಮಂದದೃಷ್ಟಿಯವರಿಗೆ ಚಿತ್ರ ಮಸುಕಾಗುತ್ತದೆ.

ಲೆಕ್ಕ ಬಿಡಿಸಿ ತೋರಿಸುವಾಗ ಪ್ರತಿ ಹಂತವನ್ನೂ ಬೇರೆ ಸಮೀಕರಣವಾಗಿ ಹಾಕಿ, ನಡುವೆ ಏನು ಮಾಡಿದೆವು ಅಂತ ಮಾತಿನಲ್ಲಿ ಬರೆಯಿರಿ. "ಕೆಂಪು ಬಣ್ಣದ ಪದ ನೋಡಿ" ಅಂತ ಬಿಟ್ಟರೆ ಬಣ್ಣ ಕಾಣದವರಿಗೆ ದಾರಿ ತಪ್ಪುತ್ತದೆ.

ಕ್ವಿಜ್‌ನಲ್ಲಿ ಪ್ರಶ್ನೆಯಷ್ಟೇ ಅಲ್ಲ, ನಾಲ್ಕೂ ಆಯ್ಕೆಗಳನ್ನು ಸಮೀಕರಣವಾಗಿ ಬರೆಯಬೇಕು. ಆಯ್ಕೆಗಳು ಚಿತ್ರವಾದರೆ "ಗ್ರಾಫಿಕ್, ಗ್ರಾಫಿಕ್" ಅಂತ ಕೇಳಿ ಯಾವುದನ್ನು ಆರಿಸುವುದು? ಸೂತ್ರ ಕೇಳಿ ಬಿಡಿಸುವುದಕ್ಕೆ ನೋಡಿ ಬಿಡಿಸುವುದಕ್ಕಿಂತ ಹೊತ್ತು ಹಿಡಿಯುತ್ತದೆ. ಮೂಡಲ್ ಕ್ವಿಜ್‌ನಲ್ಲಿ ಒಬ್ಬ ವಿದ್ಯಾರ್ಥಿಗೆ ಮಾತ್ರ ಸಮಯ ಹೆಚ್ಚಿಸುವ ಸೌಲಭ್ಯ ಇದೆ, "ಯೂಸರ್ ಓವರ್‌ರೈಡ್ಸ್" ಅನ್ನುವಲ್ಲಿ. ಪರೀಕ್ಷೆ ತೆರೆಯುವ ಮುಂಚೆಯೇ ಅದನ್ನು ಮಾಡಿಟ್ಟು ಅವರಿಗೆ ತಿಳಿಸಿ.